ಸರಿಯಾದ ಹೆಸರು ಬರೆಯಿರಿ

ಅರ್ಜಿ ತುಂಬುವವರ ಕಷ್ಟ ಕೇಳಿ ಅಯ್ಯೋ ಅನ್ನುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಅರ್ಜಿ ತಯಾರಿಸುವವನ ಕಷ್ಟ ಕೇಳಿ ಅಯ್ಯೋ ಅಂದವರನ್ನು ನಾನಿನ್ನೂ ಕಂಡಿಲ್ಲ. ಮಂಡ್ಯದಲ್ಲಿ ಸೈಕಲ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು, ಶಾಲೆಗಳಿಗೆ, ನರ್ಸಿಂಗ್ ಹೋಮುಗಳಿಗೆ, ಕಲ್ಯಾಣ ಮಂಟಪಗಳಿಗೆ ವೆಬ್‌ಸೈಟು ಮಾಡಿಕೊಡುವುದು ನನ್ನ ಕಸುಬು. ವೆಬ್‌ಸೈಟು ಅಂದರೆ ಜನ ಬಣ್ಣ, ಚಿತ್ರ, ಓಡಾಡುವ ಅಕ್ಷರ ಅಂದುಕೊಳ್ಳುತ್ತಾರೆ. ಅದರ ಮುಕ್ಕಾಲು ಪಾಲು ಬರೀ ಫಾರಂ. ಹೆಸರು, ತಂದೆಯ ಹೆಸರು, ಊರು, ಫೋನು, ಕಳಿಸು. ಒಮ್ಮೆ ನನ್ನ ನಾದಿನಿ, "ಭಾವ ಅಷ್ಟೊತ್ತು ಕೂತ್ಕೊಂಡು ಏನ್ ಕೆಲಸ ಮಾಡ್ತಾರಕ್ಕ?" ಅಂತ ಕೇಳಿದ್ದಕ್ಕೆ ನನ್ನ ಹೆಂಡತಿ, "ಯಾರಾದ್ರೂ ಏನಾದ್ರೂ ಬರೆಯೋಕೆ ಹೋದ್ರೆ ತಪ್ಪು ಅಂತ ಹೇಳೋ ಕೆಲಸ" ಅಂದಳಂತೆ. ಆಗ ನಾನೂ ನಕ್ಕಿದ್ದೆ.

ತಪ್ಪು ಹಿಡಿಯುವುದು ನನ್ನ ರಕ್ತದಲ್ಲೇ ಇದೆ. ಕಂಪ್ಯೂಟರಿಗೆ ಬರುವ ಮೊದಲು ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಹುಡುಗಿಯರು ಟಕಟಕ ಕುಟ್ಟುತ್ತಿದ್ದರೆ ಕೈಯಲ್ಲಿ ಕೆಂಪು ಪೆನ್ಸಿಲ್ ಹಿಡಿದು ಅವರ ಬೆನ್ನ ಹಿಂದೆ ಓಡಾಡುತ್ತಿದ್ದೆ. ಹಾಳೆ ಮುಗಿಯುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಒಂದು ಅಕ್ಷರ ತಪ್ಪಿದರೆ ಅಲ್ಲೇ "ಹ್ಞಾಂ!" ಅನ್ನುತ್ತಿದ್ದೆ. ಆ "ಹ್ಞಾಂ"ಗೆ ಬೆಚ್ಚಿ ಅವರು ಮುಂದಿನ ನಾಲ್ಕು ಅಕ್ಷರ ತಪ್ಪುತ್ತಿದ್ದರು. ಹಾಗೆ ಬೆಚ್ಚಿದವರಲ್ಲಿ ನಸೀಮಾಳೂ ಒಬ್ಬಳು. ಮದ್ದೂರಿನವಳು, ಅಲ್ಲಿನ ಲಾರಿ ಮೆಕ್ಯಾನಿಕ್ ಒಬ್ಬರ ಮಗಳು. ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೆ ನಾನೂ ಅವಳೂ ಒಟ್ಟಿಗೇ ಕಂಪ್ಯೂಟರ್ ಕಲಿತೆವು. ಅವಳು ನನಗಿಂತ ಬೇಗ ಕಲಿತಳು ಅನ್ನುವುದನ್ನು ಇಷ್ಟು ವರ್ಷದಲ್ಲಿ ಇದೇ ಮೊದಲು ಒಪ್ಪಿಕೊಳ್ಳುತ್ತಿದ್ದೇನೆ. ಈಗಲೂ ದಿನಾ ಬೆಳಗ್ಗೆ ರೈಲಿನಲ್ಲಿ ಬರುತ್ತಾಳೆ. ನನ್ನನ್ನು ಸಾರ್ ಅನ್ನುತ್ತಾಳೆ, ಆದರೆ ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ಫಾರಂ ಮಾಡುವುದರಲ್ಲಿ ಎರಡು ದಾರಿಗಳಿವೆ. ಒಂದು, ಬರೆಯುವವರು ಏನು ಬೇಕಾದರೂ ಬರೆದುಕೊಳ್ಳಲಿ ಅಂತ ಸುಮ್ಮನಿದ್ದು, ಕಳಿಸು ಅಂತ ಒತ್ತಿದ ಮೇಲೆ ಒಟ್ಟಿಗೇ ತೆಗೆದು ನೋಡುವುದು. ಇನ್ನೊಂದು, ಒಂದೊಂದು ಅಕ್ಷರ ಒತ್ತಿದಾಗಲೂ ಅದನ್ನು ಪ್ರೋಗ್ರಾಮಿನ ಕೈಗೆ ತೆಗೆದುಕೊಂಡು, ಸರಿಯೋ ತಪ್ಪೋ ಅಲ್ಲೇ ತೀರ್ಮಾನಿಸಿ, ತಪ್ಪಾದರೆ ಕೆಳಗೆ ಕೆಂಪಕ್ಷರ ಮೂಡಿಸುವುದು. ಎಲ್ಲ ಸರಿಯಾಗುವವರೆಗೆ ಕಳಿಸು ಬಟನ್ನು ಬೂದು ಬಣ್ಣದಲ್ಲಿ ಸತ್ತಂತೆ ಬಿದ್ದಿರುತ್ತದೆ, ಒತ್ತಿದರೂ ಅಲುಗುವುದಿಲ್ಲ. ಯಾವುದನ್ನು ಆರಿಸಬೇಕು ಅಂತ ಈ ಕಸುಬಿನವರು ದೇಶದೇಶಗಳಲ್ಲಿ ಕೂತು ಜಗಳವಾಡುತ್ತಾರೆ. ನಾನು ಎರಡನೇ ದಾರಿಯವನು ಅಂತ ಬೇರೆ ಹೇಳಬೇಕಾಗಿಲ್ಲ. ಕೆಂಪು ಪೆನ್ಸಿಲನ್ನು ಯಂತ್ರವೇ ಹಿಡಿಯುತ್ತದೆ ಅಂದಾಗ ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಮಳವಳ್ಳಿಯ ಒಂದು ಟ್ರಸ್ಟಿನವರು ನಮ್ಮ ಹತ್ತಿರ ಬಂದದ್ದು ಹೋದ ವರ್ಷ. ವಾಸಿಯಾಗದ ಕಾಯಿಲೆಯವರ ಮನೆಗೇ ನರ್ಸನ್ನು ಕಳಿಸಿ, ಹುಣ್ಣು ತೊಳೆದು, ನೋವಿಗೆ ಡಾಕ್ಟರು ಬರೆದುಕೊಟ್ಟ ಔಷಧಿ ಕೊಟ್ಟು, ಮೈ ಒರೆಸಿ ಬರುವ ಟ್ರಸ್ಟು ಅದು. ಇದ್ದದ್ದು ಒಬ್ಬರೇ ನರ್ಸು, ಭಾಗ್ಯಮ್ಮ ಅಂತ. ಸ್ಕೂಟರಿನಲ್ಲಿ ಹಳ್ಳಿಹಳ್ಳಿ ತಿರುಗುತ್ತಿದ್ದರು. ರೋಗಿಯ ಮನೆಯಲ್ಲಿ ಕೈಗೆ ಗ್ಲೌಸ್ ಹಾಕಿಕೊಂಡಿರುವಾಗಲೇ ಫೋನು ಬರುತ್ತೆ, ವಿಳಾಸ ಬರೆದುಕೊಳ್ಳೋಕೆ ಆಗಲ್ಲ ಅನ್ನುವುದು ಅವರ ತೊಂದರೆ. "ಫೋನೇ ಬೇಡ ಬಿಡಿ, ಎಲ್ಲ ಫಾರಂ ಮೂಲಕವೇ ಬರಲಿ. ಫೋನು ಮಾಡಿದವರಿಗೆ ವೆಬ್‌ಸೈಟಿನಲ್ಲಿ ಹೆಸರು ಬರೆಸಿ ಅಂತ ರೆಕಾರ್ಡ್ ಆದ ದನಿ ಹೇಳಲಿ" ಅಂತ ಸಲಹೆ ಕೊಟ್ಟವನು ನಾನೇ.

ನಸೀಮಾಗೂ ನನಗೂ ಆಗ ಒಂದು ವಾರ ವಾದವಾಯಿತು. "ಸಾರ್, ಇದನ್ನ ತುಂಬೋರು ಎಂಥಾ ಹೊತ್ತಲ್ಲಿ ತುಂಬ್ತಾರೆ ಯೋಚ್ನೆ ಮಾಡಿ. ಪಕ್ಕದಲ್ಲಿ ಕಾಯಿಲೆಯೋರು ಮಲಗಿರ್ತಾರೆ. ಬರೆದಷ್ಟು ಬರೀಲಿ, ಅರ್ಧಂಬರ್ಧ ಇದ್ರೂ ನಮಗೆ ಬರ್ಲಿ. ಫೋನ್ ನಂಬರ್ ಒಂದಿದ್ರೆ ಮಿಕ್ಕಿದ್ದು ಕೇಳ್ಕೋಬಹುದು" ಅಂದಳು. "ಅರ್ಧಂಬರ್ಧ ಬರೆದದ್ದನ್ನ ಒಳಗೆ ಬಿಟ್ಕೊಂಡ್ರೆ ಅದು ಫಾರಂ ಅಲ್ಲ ಕಣಮ್ಮ, ತಿಪ್ಪೆ" ಅಂದೆ. ಈ ಉತ್ತರ ನನಗೆ ಎಷ್ಟು ಹಿಡಿಸಿತೆಂದರೆ ಮನೆಗೆ ಹೋಗಿ ಹೆಂಡತಿಗೂ ಹೇಳಿದೆ. ನಸೀಮಾ ಕೊನೆಗೆ, "ಹೋಗ್ಲಿ, ಯಾರಾದ್ರೂ ಹಳ್ಳಿಯೋರ ಕೈಲಿ ಒಂದ್ಸಲ ತುಂಬಿಸಿ ನೋಡೋಣ. ನಮ್ಮ ಅಬ್ಬಾ ಲಾರಿ ರಿಪೇರಿ ಮಾಡಿದ್ಮೇಲೆ ತಾವು ಓಡ್ಸಿ ನೋಡಲ್ಲ, ಡ್ರೈವರ್ ಕೈಲೇ ಓಡಿಸ್ತಾರೆ" ಅಂದಳು. ಲಾರಿಗೂ ಪ್ರೋಗ್ರಾಮಿಗೂ ಎಲ್ಲಿಯ ಸಂಬಂಧ ಅಂದೆ. ನಾನೇ ನನ್ನ ಹೆಸರು ಹಾಕಿ ಇಪ್ಪತ್ತು ಸಲ ತುಂಬಿ ನೋಡಿದ್ದೆ. ಇಪ್ಪತ್ತು ಸಲವೂ ಅದು ನನ್ನನ್ನು ಒಪ್ಪಿಕೊಂಡಿತ್ತು.

ಫಾರಂ ಚೆನ್ನಾಗಿ ಬಂತು. ಅಪ್ಪಟ ಕನ್ನಡದಲ್ಲಿ ಮಾಡಿದ್ದೆ. 'ರೋಗಿಯ ಹೆಸರು', 'ಸಂಬಂಧ', 'ಗ್ರಾಮ', ಎಲ್ಲ ದುಂಡು ಅಕ್ಷರದಲ್ಲಿ. ಹೆಸರಿನ ಜಾಗದಲ್ಲಿ ಅಂಕಿ ಬರಬಾರದು, ಚುಕ್ಕಿ ಗೆರೆ ಬರಬಾರದು, ಬರೀ ಅಕ್ಷರ ಇರಬೇಕು ಅಂತ ಒಂದು ನಿಯಮ ಹಾಕಿದ್ದೆ. ಅದನ್ನು ನಾನೇನೂ ಹೊಸೆದದ್ದಲ್ಲ, ಇಂಟರ್ನೆಟ್ಟಿನಲ್ಲಿ ಎಲ್ಲರೂ ಎತ್ತಿಕೊಳ್ಳುವ ಕಡೆಯಿಂದ ನಾನೂ ಎತ್ತಿಕೊಂಡಿದ್ದೆ. ನಿಯಮ ಮುರಿದರೆ ಕೆಂಪಿನಲ್ಲಿ 'ಸರಿಯಾದ ಹೆಸರು ಬರೆಯಿರಿ' ಅಂತ ಬರುತ್ತಿತ್ತು. ಟ್ರಸ್ಟಿನವರು ನೋಡಿ, ಮೆಚ್ಚಿ, ನನಗೆ ಶಾಲು ಹೊದಿಸಿದರು. ದಿನಕ್ಕೆ ಎರಡೋ ಮೂರೋ ಫಾರಂ ಬರತೊಡಗಿದವು. ಒಂದಕ್ಷರ ತಪ್ಪಿಲ್ಲ. "ನೋಡಿದೆಯಾ?" ಅಂತ ನಸೀಮಾಗೆ ತೋರಿಸುತ್ತಿದ್ದೆ. ಅವಳು ನೋಡಿ ತನ್ನ ಕೆಲಸಕ್ಕೆ ತಿರುಗುತ್ತಿದ್ದಳು.

ಕೆಲವು ತಿಂಗಳ ಮೇಲೆ ಏನೋ ಕೆಲಸಕ್ಕೆ ಮಳವಳ್ಳಿಗೆ ಹೋಗಿದ್ದ ನಸೀಮಾ ಸಂಜೆ ಆಫೀಸಿಗೆ ವಾಪಸು ಬಂದಳು. ಸಾಮಾನ್ಯವಾಗಿ ಅಲ್ಲಿಂದಲೇ ಮದ್ದೂರಿಗೆ ಹೋಗಿಬಿಡುತ್ತಾಳೆ. ಭಾಗ್ಯಮ್ಮನಿಂದ ಕೇಳಿ ತಿಳಿದದ್ದನ್ನು ಬ್ಯಾಗು ಇಳಿಸದೆ ನಿಂತೇ ಹೇಳಿದಳು. "ಪೂರಿಗಾಲಿಯೋರೊಬ್ರು, ಮರಿಸ್ವಾಮಿ ಅಂತ. ಹೆಂಡ್ತಿಗೆ ಗಂಟಲು ಕ್ಯಾನ್ಸರ್ ಇತ್ತಂತೆ. ಹನ್ನೊಂದು ದಿನ ನಮ್ಮ ಫಾರಂ ತುಂಬೋಕೆ ನೋಡಿದಾರೆ ಸಾರ್. ಹನ್ನೊಂದು ದಿನ. ಆಗ್ಲಿಲ್ಲ. ಆಮೇಲೆ ಪಕ್ಕದ ಮನೆಯೋರನ್ನ ಕೂರಿಸಿ ತಾವೇ ಬಸ್ಸತ್ತಿ ಬಂದು ಭಾಗ್ಯಮ್ಮನ್ನ ಕರ್ಕೊಂಡು ಹೋದ್ರಂತೆ. ಬೆನ್ನೆಲ್ಲ ಹುಣ್ಣಾಗಿತ್ತಂತೆ. ಭಾಗ್ಯಮ್ಮ ಹೋದ್ಮೇಲೆ ಆಯಮ್ಮ ನಾಲ್ಕೇ ದಿನ ಬದುಕಿದ್ರು. ಆ ನಾಲ್ಕು ದಿನ ಮಾತ್ರ ನಿದ್ದೆ ಮಾಡಿದ್ರಂತೆ."

ನನ್ನ ಬಾಯಿಂದ ಮೊದಲು ಬಂದ ಮಾತು ಯಾವುದು ಅಂತ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. "ಏನೋ ತಪ್ಪು ತುಂಬಿರಬೇಕು" ಅಂದೆ.

ನಸೀಮಾ ತನ್ನ ಫೋನಿನಲ್ಲಿ ಫಾರಂ ತೆರೆದಳು. ಕನ್ನಡ ಕೀಲಿಮಣೆ ತೆಗೆದು, 'ರೋಗಿಯ ಹೆಸರು' ಅನ್ನುವ ಜಾಗದಲ್ಲಿ 'ಸ' ಅಂತ ಒಂದೇ ಒಂದು ಅಕ್ಷರ ಒತ್ತಿ ನನ್ನ ಮುಂದೆ ಹಿಡಿದಳು. ಕೆಂಪಕ್ಷರ ಮೂಡಿತು. ಸರಿಯಾದ ಹೆಸರು ಬರೆಯಿರಿ.

ಅಕ್ಷರ ಮಾತ್ರ ಇರಬೇಕು ಅನ್ನುವ ನನ್ನ ನಿಯಮದಲ್ಲಿ ಅಕ್ಷರ ಅಂದರೆ ಇಂಗ್ಲಿಷಿನ ಇಪ್ಪತ್ತಾರು ಅಂತ ಅರ್ಥ. ಬಂದ ಫಾರಮುಗಳೆಲ್ಲ ಓದಿದ ಮಕ್ಕಳು, ಅಂಗಡಿಯವರು ಇಂಗ್ಲಿಷಿನಲ್ಲಿ ತುಂಬಿ ಕಳಿಸಿದವು. ನಾನೂ ಇಪ್ಪತ್ತು ಸಲ ನನ್ನ ಹೆಸರನ್ನು ಇಂಗ್ಲಿಷಿನಲ್ಲೇ ಒತ್ತಿ ನೋಡಿದ್ದೆ. ಮಂಡ್ಯದಲ್ಲಿ ಹುಟ್ಟಿ, ಮಂಡ್ಯದಲ್ಲಿ ಬೆಳೆದು, ಕನ್ನಡದಲ್ಲಿ ಫಾರಂ ಮಾಡಿ, ಕನ್ನಡದಲ್ಲಿ ಬರೆದರೆ ತಪ್ಪು ಅಂತ ಕನ್ನಡದಲ್ಲೇ ಬೈಯುವ ಯಂತ್ರವನ್ನು ನಾನು ಕಟ್ಟಿದ್ದೆ. ಅದಕ್ಕೆ ಶಾಲು ಹೊದಿಸಿಕೊಂಡಿದ್ದೆ. ಕಂಪ್ಯೂಟರಿನ ಒಳಗೆಲ್ಲ ಹುಡುಕಿದೆ, ಮರಿಸ್ವಾಮಿ ಬಂದು ಹೋದ ಗುರುತು ಎಲ್ಲೂ ಇರಲಿಲ್ಲ. ಬೂದು ಬಟನ್ನು ದಾಟಿ ಯಾವುದೂ ನಮ್ಮ ತನಕ ಬರುವ ಹಾಗೇ ಇರಲಿಲ್ಲವಲ್ಲ. ಹಾಗೆ ಬಾಗಿಲಲ್ಲೇ ನಿಂತು ಹೋದವರು ಇನ್ನೆಷ್ಟು ಜನವೋ, ಅವರ ಹೆಸರು ನನಗೆ ಎಂದೂ ಗೊತ್ತಾಗುವುದಿಲ್ಲ. ನಿಯಮವನ್ನು ತೆಗೆದುಹಾಕಲು ಒಂದು ನಿಮಿಷ ಸಾಕಾಯಿತು. ಟ್ರಸ್ಟಿನವರಿಗೆ ಅವತ್ತೇ ವಿಷಯ ತಿಳಿಸಿ, ಫೋನನ್ನು ಮತ್ತೆ ಎತ್ತುವ ವ್ಯವಸ್ಥೆ ಮಾಡಿಸಿದೆವು.

ಪೂರಿಗಾಲಿಗೆ ಹೋಗಿ ಬರೋಣ ಅಂದವಳು ನಸೀಮಾ. ಹೋಗದೆ ಇರಲು ನನಗೆ ನಾಲ್ಕೈದು ಕಾರಣ ಹೊಳೆದವು, ಒಂದನ್ನೂ ಅವಳ ಮುಖ ನೋಡಿಕೊಂಡು ಹೇಳಲಾಗಲಿಲ್ಲ. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿದೆವು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಬರೆದು ಬರೆದು ಅಳಿಸಿದೆ. ಆ ಮನುಷ್ಯ ಕೂಗಾಡಬಹುದು, ಕೊರಳಪಟ್ಟಿಗೆ ಕೈ ಹಾಕಬಹುದು ಅಂತ ಹೆದರಿದ್ದೆ. ಒಳಗೊಳಗೇ, ಹಾಗೆ ಮಾಡಿಬಿಟ್ಟರೆ ಒಳ್ಳೆಯದು ಅಂತಲೂ ಅನ್ನಿಸುತ್ತಿತ್ತು.

ಮರಿಸ್ವಾಮಿಯವರಿಗೆ ಅರವತ್ತು ದಾಟಿರಬೇಕು. ಬೋರ್ಡು ಬರೆಯುವುದು ಅವರ ಕಸುಬು. ಅಂಗಡಿಗಳ ಹೆಸರು, ಶಾಲೆಯ ಗೋಡೆ, ಟ್ರ್ಯಾಕ್ಟರಿನ ಹಿಂದೆ ಮಕ್ಕಳ ಹೆಸರು, ಎಲ್ಲ ಅವರ ಕುಂಚದ್ದು. ಫ್ಲೆಕ್ಸು ಬಂದ ಮೇಲೆ ಕೆಲಸ ಕಮ್ಮಿಯಾಗಿತ್ತು, ಆದರೂ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಇತ್ತು. ಮಂಡ್ಯದಿಂದ ಬಂದಿದ್ದೇವೆ, ಆ ಫಾರಂ ಮಾಡಿದವರು ನಾವೇ ಅಂದಾಗ ಅವರು ಗಾಬರಿಯಿಂದ ಎದ್ದು ನಿಂತು, ಮಂಚದ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿದರು.

"ಕುಂತ್ಕಳಿ ಸಾ, ಕುಂತ್ಕಳವ್ವ. ನಿಮ್ಗೆ ಸುಮ್ನೆ ತೊಂದ್ರೆ ಆಯ್ತು. ನಿಮ್ ಫಾರಂ ಸರಿಯಾಗೇ ಇತ್ತು, ನಂಗೇ ತಿಳೀನಿಲ್ಲ" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಅವರು ಒಳಗೆ ಹೋಗಿ ಹಳೇ ಕ್ಯಾಲೆಂಡರಿನ ಒಂದು ಹಾಳೆ ತಂದರು. ಹಿಂಬದಿಯಲ್ಲಿ, ಒಂದರ ಕೆಳಗೊಂದು ಹೆಸರು ಬರೆದಿತ್ತು. ಸಾಕಮ್ಮ. ಶ್ರೀಮತಿ ಸಾಕಮ್ಮ. ಸಾಕಮ್ಮ ಕೋಂ ಮರಿಸ್ವಾಮಿ. ಸಾಕವ್ವ. ಸಾಕಮ್ಮನವರು. ಎಂಥ ಅಕ್ಷರ! ಒಂದೊಂದೂ ಗೋಡೆಯ ಮೇಲೆ ಅಳತೆ ಹಿಡಿದು ಬರೆದ ಹಾಗೆ. ಒಂದೊಂದರ ಮುಂದೆಯೂ ಒಂದು ಸಣ್ಣ ಗೆರೆ.

"ಒಂದ್ಸಲ ಬರ್ದಿದ್ದ ತಿರ್ಗಾ ಬರೀಬಾರ್ದು ಅಂತ ಗುರುತು ಮಾಡ್ಕತಿದ್ದೆ ಸಾ" ಅಂದರು. "ಅದು ಸರಿಯಾದ ಹೆಸ್ರು ಬರೀರಿ, ಸರಿಯಾದ ಹೆಸ್ರು ಬರೀರಿ ಅಂತಲೇ ಇತ್ತು. ಅವ್ಳಿಗೆ ಇನ್ಯಾವ ಹೆಸ್ರದೆ? ಅವ್ರಪ್ಪ ಇಕ್ಕಿದ್ದೇ ಸಾಕಮ್ಮ ಅಂತ. ಕೊನ್ಗೆ ಅವ್ಳನ್ನೇ ಕೇಳ್ದೆ, ನಿಮ್ಮೂರಲ್ಲಿ ಬ್ಯಾರೆ ಏನಾರ ಬರ್ಸಿದ್ರಾ ಅಂತ. ಮಾತು ಬತ್ತಿರ್ನಿಲ್ಲ, ತಲೆ ಆಡಿಸ್ಬುಟ್ಲು."

ನಸೀಮಾ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ನಾನು ಮಾತು ಶುರು ಮಾಡಿದೆ. ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದ ಮಾತು. ಇನ್‌ಪುಟ್ಟು ಹೇಗೆ ತೆಗೆದುಕೊಳ್ಳುತ್ತೇವೆ, ಅದಕ್ಕೆ ಪರಿಶೀಲನೆ ಅಂತ ಇರುತ್ತದೆ, ಆ ಪರಿಶೀಲನೆಯಲ್ಲಿ ಒಂದು ಮಿತಿ ಇತ್ತು, ಅದು ಸಾಮಾನ್ಯವಾಗಿ ಬಳಕೆಯಲ್ಲಿರುವಂಥದ್ದೇ... ಅವರು ಮರ್ಯಾದೆಯಿಂದ ಹ್ಞೂಂ ಹ್ಞೂಂ ಅನ್ನುತ್ತ ಕೇಳಿಸಿಕೊಂಡರು. ಏನೂ ಅರ್ಥವಾಗದ ಹಾಗೆ ತಪ್ಪೊಪ್ಪಿಕೊಳ್ಳುವುದು ಎಷ್ಟು ಸುಖ! ನಾನು ಇನ್ನೂ ಹತ್ತು ನಿಮಿಷ ಹಾಗೇ ಹೇಳುತ್ತಿದ್ದೆನೋ ಏನೋ. ನಸೀಮಾ ತಡೆದಳು.

"ಅಣ್ಣ, ಕನ್ನಡದಲ್ಲಿ ಬರೆದ್ರೆ ಅದು ತಗೋತಾ ಇರ್ಲಿಲ್ಲ. ಇಂಗ್ಲಿಷಲ್ಲಿ ಬರೆದ್ರೆ ಮಾತ್ರ ತಗೋತಾ ಇತ್ತು. ಹಂಗೆ ಮಾಡಿದ್ದು ನಾವು. ನೀವು ಬರೆದಿದ್ದು ಸರಿಯಾಗೇ ಇತ್ತು."

'ನಾವು' ಅಂದಳು. ಅವಳು ಅದನ್ನು ಬೇಡ ಅಂದವಳು.

ಮರಿಸ್ವಾಮಿಯವರು ನನ್ನ ಕಡೆ ತಿರುಗಿದರು. "ಅಂಗಾರೆ ನಾನು ಸರಿಯಾಗೇ ಬರ್ದಿದ್ನಾ ಸಾ?"

"ಮೊದಲನೇ ಸಲವೇ ಸರಿಯಾಗಿತ್ತು" ಅಂದೆ. "ತಪ್ಪು ನಂದು. ನಾನು ಮಾಡಿದ್ದು."

ಕೊರಳಪಟ್ಟಿಗೆ ಕೈ ಬರಲಿಲ್ಲ. ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು, ಒಂದು ದೊಡ್ಡ ಉಸಿರು ಬಿಟ್ಟರು. ಮೂರು ತಿಂಗಳಿಂದ ಆ ಮನುಷ್ಯ, ನಲವತ್ತು ವರ್ಷ ಅಕ್ಷರ ಬರೆದವರು, ಕಟ್ಟಿಕೊಂಡವಳ ಹೆಸರು ಬರೆಯಲು ಬಾರದೆ ಅವಳನ್ನು ನೋವಿನಲ್ಲಿ ಮಲಗಿಸಿದೆ ಅಂತ ಅಂದುಕೊಂಡು ಕೂತಿದ್ದರು. ನಾನು ಸಿಟ್ಟಿಗೆ ಸಿದ್ಧವಾಗಿ ಹೋಗಿದ್ದೆ. ಅವರಿಗೆ ಬೇಕಾಗಿದ್ದದ್ದು ಬೇರೆ.

"ಒಂದು ಉಪ್ಕಾರ ಮಾಡಿ ಸಾ" ಅಂದರು. "ಇದ್ನ ನನ್ ಮಗ್ಳಿಗೆ ಯೋಳ್ಬುಡಿ. ದುದ್ದ ಅನ್ನೋ ಊರ್ಗೆ ಕೊಟ್ಟಿವ್ನಿ ಅವ್ಳ. ವಾರ್ವಾರ ಬಂದು ಕೇಳೋಳು, ಹೆಸ್ರು ಬರ್ಸಿದ್ಯಾ ಅಪ್ಪ ಅಂತ. ಬರ್ಸಿವ್ನಿ, ಬತ್ತಾರೆ ಇರು ಅಂತಿದ್ದೆ. ಆಗ್ನಿಲ್ಲ ಅನ್ನಕ್ಕೆ ನಾಚ್ಕೆ ಆಯ್ತು ಸಾ, ಬೋರ್ಡ್ ಬರ್ಯೋನು ನಾನು. ತಿಥಿ ದಿನ ಅವ್ಳಿಗೆ ಗೊತ್ತಾಯ್ತು. ಅವತ್ನಿಂದ ನನ್ ಜೊತೆ ಮಾತಾಡಕಿಲ್ಲ."

ನಾನು ಹ್ಞೂಂ ಅನ್ನುವ ಮೊದಲೇ ನಂಬರು ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟರು. ಆ ಕಡೆ ಬಹಳ ಹೊತ್ತು ಹೊಡೆದುಕೊಂಡಿತು. ಎತ್ತದಿರಲಿ ದೇವರೇ ಅಂತ ಬೇಡಿಕೊಂಡೆ. ಎತ್ತಿದರು. ಆಕೆಯ ಹೆಸರು ಶೋಭಾ. ಅಪ್ಪನ ನಂಬರಿನಿಂದ ಬೇರೆ ಗಂಡಸಿನ ದನಿ ಕೇಳಿ, "ಯಾರ್ರೀ ನೀವು? ಅಪ್ಪಂಗೇನಾಯ್ತು?" ಅಂತ ಕಿರುಚಿದರು. ಏನೂ ಆಗಿಲ್ಲ ಅಂದೆ. ನಾನು ಯಾರು ಅಂತ ಹೇಳಿದೆ. ಈ ಸಲ ಇನ್‌ಪುಟ್ಟು, ಪರಿಶೀಲನೆ ಯಾವುದೂ ಇರಲಿಲ್ಲ. ನಿಮ್ಮ ತಂದೆ ಹನ್ನೊಂದು ದಿನ ದಿನಾ ಬರೆದರು, ಸರಿಯಾಗೇ ಬರೆದರು, ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳದ ಹಾಗೆ ನಾನು ಮಾಡಿಟ್ಟಿದ್ದೆ ಅಂದೆ.

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ ಶೋಭಾ ಕೇಳಿದರು, "ನೀವು ಯಾವೂರೋರು?"

"ಮಂಡ್ಯ."

"ನಿಮ್ಮವ್ವ ನಿಮ್ಮನ್ನ ಯಾವ ಭಾಸೇಲಿ ಕರೀತಿದ್ರು?"

ನನ್ನ ಬದುಕಿನಲ್ಲಿ ಉತ್ತರ ಗೊತ್ತಿದ್ದೂ ಹೇಳಲಾಗದ ಪ್ರಶ್ನೆ ಅದೊಂದೇ.

"ನಮ್ಮವ್ವ ನೀರು ಕುಡಿಯಕ್ಕಾಗ್ದೆ ಗೋಡೆ ಗೀರ್ತಾ ಇದ್ಲು ಕಣ್ರೀ" ಅಂದರು. ಕೂಗಲಿಲ್ಲ. ಕೂಗಿದ್ದರೆ ತಡೆದುಕೊಳ್ಳಬಹುದಿತ್ತು. ಕ್ಷಮಿಸಿ ಅಂದೆನೋ, ಅನ್ನಬೇಕು ಅಂದುಕೊಂಡೆನೋ, ನೆನಪಿಲ್ಲ. ಕ್ಷಮಿಸಿದೆ ಅಂತ ಅವರೂ ಅನ್ನಲಿಲ್ಲ. "ಅಪ್ಪಂಗೆ ಕೊಡಿ ಫೋನ" ಅಂದರು.

ಮರಿಸ್ವಾಮಿಯವರು ಫೋನು ಕಿವಿಗಿಟ್ಟುಕೊಂಡು ಗೋಡೆ ಕಡೆ ತಿರುಗಿ ನಿಂತರು. "ಊಂ ಕಣವ್ವ... ಊಂ... ಇಲ್ಕಣೇಳವ್ವ, ಅಳ್ಬ್ಯಾಡ... ಉಂಡೆ, ಮುದ್ದೆ ಮಾಡ್ಕಂಡಿದ್ದೆ" ಅನ್ನುತ್ತಿದ್ದರು. ನಾವಿಬ್ಬರೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆವು. ಬೀದಿಯಲ್ಲಿ ಒಂದು ಟ್ರ್ಯಾಕ್ಟರು ಕಬ್ಬು ತುಂಬಿಕೊಂಡು ಹೋಗುತ್ತಿತ್ತು. ಬಸ್ಸಿಗೆ ಕಾಯುವಾಗ ನಸೀಮಾ ನನಗೆ ಏನಾದರೂ ಅನ್ನುತ್ತಾಳೆ ಅಂತ ನಾನು ಕಾದೆ. ಅವಳು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕೊಟ್ಟಳು, ಅಷ್ಟೇ.

ಇದೆಲ್ಲ ಆದ ಮೇಲೆ ಫಾರಂ ವಿಚಾರದಲ್ಲಿ ನಮ್ಮ ಆಫೀಸಿನಲ್ಲಿ ಚರ್ಚೆಯೇ ನಡೆಯುವುದಿಲ್ಲ. ನಸೀಮಾ ಹೇಳಿದ್ದೇ ದಾರಿ. ಮಳವಳ್ಳಿಯ ಫಾರಮಿನಲ್ಲಿ ಈಗ ಫೋನ್ ನಂಬರ್ ಒಂದು ಬಿಟ್ಟರೆ ಯಾವುದನ್ನೂ ಬರೆಯಲೇಬೇಕು ಅಂತಿಲ್ಲ. ಕಳಿಸು ಬಟನ್ನು ಯಾವಾಗಲೂ ಹಸಿರಾಗಿರುತ್ತದೆ. ಅರ್ಧಂಬರ್ಧ ಬರೆದವರಿಗೆ ಫೋನು ಮಾಡಿ, ಮಿಕ್ಕಿದ್ದನ್ನು ಕೇಳಿ ಭಾಗ್ಯಮ್ಮನಿಗೆ ತಿಳಿಸುವ ಕೆಲಸ ನಸೀಮಾ ವಹಿಸಿಕೊಂಡಿದ್ದಾಳೆ. ಕೆಳಗೆ 'ಏನಾಗಿದೆ, ನಿಮ್ಮ ಮಾತಿನಲ್ಲೇ ಹೇಳಿ' ಅಂತ ಒಂದು ದೊಡ್ಡ ಜಾಗ. ಜನ ಅದರಲ್ಲಿ ಏನೇನೋ ಬರೆಯುತ್ತಾರೆ. ಕಾಯಿಲೆ ಬಿಟ್ಟು ಮಿಕ್ಕಿದ್ದನ್ನೆಲ್ಲ ಬರೆಯುವವರೂ ಇದ್ದಾರೆ. ಒಬ್ಬರು ಮನೆಯ ನಾಯಿಯ ಹೆಸರು ಬರೆದು, ನರ್ಸಮ್ಮ ಬರುವಾಗ ಅದನ್ನು ಹೆಸರು ಹಿಡಿದು ಕರೆದರೆ ಕಚ್ಚುವುದಿಲ್ಲ ಅಂತ ತಿಳಿಸಿದ್ದರು. ಆ ನಾಯಿಯ ಹೆಸರು ಹಾಕಲು ಪ್ರತ್ಯೇಕ ಜಾಗ ಮಾಡಬೇಕು ಅಂತ ನನ್ನ ತಲೆ ಓಡಿತು, ಬಾಯಿ ಮುಚ್ಚಿಕೊಂಡಿದ್ದೆ.

ಮನುಷ್ಯ ಬದಲಾಗುತ್ತಾನೆ ಅಂತ ಹೇಳಿ ಈ ಪ್ರಬಂಧ ಮುಗಿಸುವ ಆಸೆ ನನಗೂ ಇತ್ತು. ಆದರೆ ಮೊನ್ನೆ ಒಂದು ಫಾರಂ ಬಂತು. ಗ್ರಾಮದ ಜಾಗ ಖಾಲಿ. ಸಂಬಂಧದ ಜಾಗ ಖಾಲಿ. 'ಏನಾಗಿದೆ' ಅನ್ನುವಲ್ಲಿ 'ಬೇಗ ಬನ್ನಿ' ಅಂತ ಎರಡೇ ಪದ. ರೋಗಿಯ ಹೆಸರು ಅನ್ನುವ ಜಾಗದಲ್ಲಿ 'ನಮ್ಮವ್ವ' ಅಂತ ಬರೆದಿತ್ತು. ಪ್ರಮಾಣ ಮಾಡಿ ಹೇಳುತ್ತೇನೆ, ನನಗೆ ಮೊದಲು ಬಂದ ಯೋಚನೆ ಆ ತಾಯಿಯದಲ್ಲ. ನಮ್ಮವ್ವ ಅನ್ನುವುದು ಹೆಸರಲ್ಲ, ಇಂಥವನ್ನು ಒಳಗೆ ಬಿಡದ ಹಾಗೆ ಒಂದು ಸಣ್ಣ ನಿಯಮ ಬರೆದರೆ ಹೇಗೆ ಅಂತ. ಕೈ ಆಗಲೇ ಕೀಲಿಮಣೆಯ ಮೇಲಿತ್ತು.

"ಕೈ ತೆಗೀರಿ ಸಾರ್" ಅಂದಳು ನಸೀಮಾ. ನನ್ನ ಕಡೆ ತಿರುಗಿ ಕೂಡ ನೋಡಿರಲಿಲ್ಲ. ಅವಳು ಅಷ್ಟರಲ್ಲೇ ಆ ನಂಬರಿಗೆ ಫೋನು ಹಚ್ಚಿ, "ಹಲೋ, ಮಳವಳ್ಳಿ ಟ್ರಸ್ಟಿನ ಕಡೆಯಿಂದ. ಅವ್ವ ಈಗ ಹೆಂಗವ್ರೆ?" ಅಂತ ಕೇಳುತ್ತಿದ್ದಳು. ನಾನು ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತೆ.